ಕಡಲಲ್ಲಿ ಕಳೆದ ವಿಮಾನ: ಹುಡುಕುವವರ ಲೆಕ್ಕ



ಈ ಸಲದ ಪಾಠಕ್ಕೆ ನಾವು ಆರಿಸಿಕೊಂಡ ವಿಷಯ ಕೆಲವರಿಗೆ ದೂರದ್ದೆಂದು ತೋರಬಹುದು. ಕಡಲಿಗೆ ಬಿದ್ದು ಮುಳುಗಿದ ವಿಮಾನವನ್ನು ಹುಡುಕುವುದು ಹೇಗೆ, ಹುಡುಕಲು ಹೊರಟ ಸಂಸ್ಥೆಗಳಿಗೆ ತಜ್ಞರು ದಾರಿ ತೋರಿಸುವುದು ಹೇಗೆ ಎಂಬುದೇ ಆ ವಿಷಯ. ಆದರೆ ಯೋಚಿಸಿ ನೋಡಿರಿ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದ ನಮ್ಮವರಲ್ಲಿ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರಿದ್ದಾರೆ. ಹಡಗಿನ ಮೇಲೆ ಕೆಲಸ ಮಾಡುವವರಿದ್ದಾರೆ. ಬಾಂಬೆ ಹೈ ಎಣ್ಣೆ ಬಾವಿಗಳಿಗೆ ಹೆಲಿಕಾಪ್ಟರಿನಲ್ಲಿ ಹೋಗಿಬರುವವರಿದ್ದಾರೆ. ಕಡಲು ನಮ್ಮ ಅನ್ನದ ದಾರಿಯಲ್ಲಿಯೇ ಇದೆ. ಆದುದರಿಂದ ಈ ವಿಷಯವನ್ನು ತಿಳಿದಿರುವುದು ಒಳ್ಳೆಯದೆಂದು ನಮಗೆ ಅನಿಸಿತು.

ಹತ್ತಿರದ ಕಡಲು, ದೂರದ ಕಡಲು

ಮೊದಲು ನಮ್ಮ ಹತ್ತಿರದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 1978ರ ಜನವರಿ 1ರ ರಾತ್ರಿ ಏರ್ ಇಂಡಿಯಾದ ‘ಎಂಪರರ್ ಅಶೋಕ’ ಎಂಬ ಬೋಯಿಂಗ್ 747 ವಿಮಾನವು ಸಾಂತಾಕ್ರೂಜದಿಂದ ದುಬೈಗೆ ಹೊರಟಿತು. ಎರಡು ನಿಮಿಷ ತುಂಬುವುದರೊಳಗೆ ಬಾಂದ್ರಾದ ಎದುರಿನ ಕಡಲಿಗೆ ಬಿತ್ತು. ಅದರಲ್ಲಿದ್ದ 213 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಬಿದ್ದ ಸ್ಥಳವು ದಡದಿಂದ ಸುಮಾರು 3 ಕಿಲೋಮೀಟರು; ಅಲ್ಲಿ ನೀರಿನ ಆಳ ಸುಮಾರು 10 ಮೀಟರು. ಮುಳುಗುಗಾರರು ಇಳಿಯಬಹುದಾದ ಆಳ ಅದು. ವಿಮಾನದ ದಾಖಲೆ ಪೆಟ್ಟಿಗೆಗಳು ದೊರೆತವು. ವಿಮಾನ ಎಷ್ಟು ವಾಲಿದೆಯೆಂದು ತೋರಿಸುವ, ನಾಯಕನ ಮುಂದಿದ್ದ ಉಪಕರಣ ತಪ್ಪು ತೋರಿಸಿತ್ತೆಂದೂ, ಕತ್ತಲೆಯಲ್ಲಿ ಕಡಲಿನ ಮೇಲೆ ದಿಗಂತ ಕಾಣದ ಕಾರಣ ಆ ತಪ್ಪನ್ನು ಕಣ್ಣಿನಿಂದ ತಿದ್ದಿಕೊಳ್ಳಲು ಆಗಲಿಲ್ಲವೆಂದೂ ವಿಚಾರಣೆಯಿಂದ ತಿಳಿಯಿತು.

ಎಲ್ಲ ಕಡಲೂ ಬಾಂದ್ರಾದ ಕಡಲಿನಂತೆ ಆಳವಿಲ್ಲದ್ದಲ್ಲ. 1985ರ ಜೂನ್ 23ರಂದು ಕೆನಡಾದಿಂದ ಲಂಡನ್ ಮಾರ್ಗವಾಗಿ ದೆಹಲಿ ಮುಂಬಯಿಗಳಿಗೆ ಬರಬೇಕಾಗಿದ್ದ ಏರ್ ಇಂಡಿಯಾದ ‘ಕನಿಷ್ಕ’ ವಿಮಾನವನ್ನು ಬಾಂಬಿನಿಂದ ಸಿಡಿಸಲಾಯಿತು. ಅದು ಐರ್ಲೆಂಡಿನ ಬಳಿ ಅಟ್ಲಾಂಟಿಕ್ ಸಾಗರಕ್ಕೆ ಬಿತ್ತು. 329 ಮಂದಿ ತೀರಿಕೊಂಡರು. ಅಲ್ಲಿ ನೀರಿನ ಆಳ ಸುಮಾರು 2,000 ಮೀಟರು. ಮನುಷ್ಯನಿಗೆ ಅಲ್ಲಿ ಇಳಿಯಲು ಸಾಧ್ಯವಿಲ್ಲ. ಕಡಲ ತಳದ ತಂತಿಗಳನ್ನು ದುರಸ್ತಿ ಮಾಡುವುದಕ್ಕಾಗಿ ಇದ್ದ ‘ಸ್ಕಾರಬ್’ ಎಂಬ ಯಂತ್ರವನ್ನು ಹಡಗಿನಿಂದ ಇಳಿಸಿ, ಜುಲೈ 10 ಮತ್ತು 11ರಂದು ಎರಡು ಪೆಟ್ಟಿಗೆಗಳನ್ನೂ ಮೇಲಕ್ಕೆ ತಂದರು.

ಆಳ ಹೆಚ್ಚಿದಂತೆ ಕೆಲಸ ಏಕೆ ಕಷ್ಟವಾಗುತ್ತದೆ? ಮೂರು ಕಾರಣಗಳನ್ನು ಹೇಳಬಹುದು. ಮೊದಲನೆಯದು ಒತ್ತಡ. ಪ್ರತಿ 10 ಮೀಟರಿಗೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು ಒತ್ತಡ ನೀರಿನಲ್ಲಿ ಕೂಡುತ್ತ ಹೋಗುತ್ತದೆ. 3,000 ಮೀಟರು ಕೆಳಗೆ ಅದು ಸುಮಾರು 300 ಪಟ್ಟು. ಎರಡನೆಯದು ಕತ್ತಲೆ. ಕೆಲವು ನೂರು ಮೀಟರು ದಾಟಿದ ಮೇಲೆ ಸೂರ್ಯನ ಬೆಳಕು ಇಲ್ಲವೆಂದೇ ಹೇಳಬೇಕು. ಮೂರನೆಯದು, ರೇಡಿಯೋ ಅಲೆಗಳು ಕಡಲ ನೀರಿನಲ್ಲಿ ಬಹುಬೇಗ ಇಂಗಿಹೋಗುತ್ತವೆ. ಅಲ್ಲಿ ದೂರ ಹೋಗುವುದು ಶಬ್ದವೊಂದೇ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರು. ಗಾಳಿಯಲ್ಲಿ ಇರುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು.

ಆದುದರಿಂದ ಕಡಲಿನ ಶೋಧವೆಲ್ಲ ಕಿವಿಯ ಕೆಲಸ. ದಾಖಲೆ ಪೆಟ್ಟಿಗೆಗೆ ಕಟ್ಟಿದ ಒಂದು ಚಿಕ್ಕ ಸಂಕೇತಯಂತ್ರ ನೀರು ತಾಕಿದೊಡನೆ ಟಿಕ್ ಟಿಕ್ ಎಂದು ಶಬ್ದ ಮಾಡತೊಡಗುತ್ತದೆ. ಮನುಷ್ಯನ ಕಿವಿಗೆ ಅದು ಕೇಳದು. ಹಡಗುಗಳು ಅದಕ್ಕೆಂದೇ ಇರುವ ಯಂತ್ರವನ್ನು ನೀರಿನಲ್ಲಿ ಎಳೆದುಕೊಂಡು ಹೋಗಿ ಕೇಳುತ್ತವೆ. ಆ ಶಬ್ದ ನಿಂತುಹೋದರೆ ಸೋನಾರ್ ಉಪಯೋಗಿಸುತ್ತಾರೆ. ನಾವೇ ಶಬ್ದವನ್ನು ಕಳುಹಿಸಿ, ತಳದಿಂದ ಮರಳುವ ಪ್ರತಿಧ್ವನಿಯಿಂದ ಚಿತ್ರ ಮಾಡಿಕೊಳ್ಳುವ ಉಪಾಯವದು. ಈಗ ಹಗ್ಗವಿಲ್ಲದೆ, ಸವಾರನಿಲ್ಲದೆ, ತಾನಾಗಿ ತಳದ ಮೇಲೆ ಉತ್ತು ಸಾಲು ಹೊಡೆದಂತೆ ಹೋಗಿಬರುವ ಯಂತ್ರಗಳು ಬಂದಿವೆ.

ಯಂತ್ರಕ್ಕಿಂತ ಮೊದಲು ಲೆಕ್ಕ

ಇಷ್ಟು ಯಂತ್ರಗಳಿದ್ದರೂ ಎಲ್ಲಿ ಇಳಿಸಬೇಕೆಂದು ತಿಳಿಯದಿದ್ದರೆ ಏನೂ ಆಗದು. ಸಾಗರ ಅಷ್ಟು ದೊಡ್ಡದು. ತಜ್ಞರ ನಿಜವಾದ ಸೇವೆ ಇಲ್ಲಿಯೇ. ಅದನ್ನು ತಿಳಿಯಲು ಒಂದು ಕಚೇರಿಯ ಲೆಕ್ಕ ಮಾಡೋಣ.

ನಮ್ಮ ಗಿರಣಿ ಕಚೇರಿಯಂಥ ಒಂದು ಕಚೇರಿಯಲ್ಲಿ ಹಳೆಯ ವೋಚರುಗಳ ಒಂದು ಕಟ್ಟು ಕಾಣೆಯಾಗಿದೆ ಎಂದುಕೊಳ್ಳಿರಿ. ಕತ್ತಲೆಯ ಕೋಣೆಯಲ್ಲಿ ಮೂರು ಕಪಾಟುಗಳಿವೆ. ಹಿಂದಿನ ಅನುಭವದಿಂದ ಹೇಳುವುದಾದರೆ, ಕಟ್ಟು ಮೊದಲನೆಯದರಲ್ಲಿ ಇರುವ ಸಂಭವ ನೂರಕ್ಕೆ 50, ಎರಡನೆಯದರಲ್ಲಿ 30, ಮೂರನೆಯದರಲ್ಲಿ 20. ಒಬ್ಬರು ಟಾರ್ಚು ಹಿಡಿದು ಮೊದಲನೆಯ ಕಪಾಟನ್ನು ನೋಡಿ ಬಂದು ‘ಸಿಗಲಿಲ್ಲ’ ಎಂದರು. ಟಾರ್ಚಿನ ಬೆಳಕು ಮಂದ. ಕಟ್ಟು ಅಲ್ಲಿಯೇ ಇದ್ದರೂ ಎರಡರಲ್ಲಿ ಒಂದು ಸಲ ಮಾತ್ರ ಕಂಡೀತು. ಹಾಗಾದರೆ ಮೊದಲನೆಯ ಕಪಾಟಿನ 50ರಲ್ಲಿ 25 ಮಾತ್ರ ಹೊಡೆದುಹಾಕಬೇಕು. ಉಳಿದದ್ದು 25, 30, 20, ಒಟ್ಟು 75. ಇದನ್ನು ನೂರಕ್ಕೆ ತಿರುಗಿಸಿದರೆ 33, 40, 27. ಈಗ ಎರಡನೆಯ ಕಪಾಟನ್ನು ನೋಡುವುದು ಜಾಣತನ.

ಅಷ್ಟರಲ್ಲಿ ಇನ್ನೊಬ್ಬರು ಬಂದು, ಟಾರ್ಚಿನ ಸೆಲ್ಲು ಸತ್ತಿತ್ತೆಂದೂ, ಅವರು ಕೈಯಾಡಿಸಿ ನೋಡದೆ ಬಾಗಿಲಲ್ಲಿಯೇ ನಿಂತು ಬಂದರೆಂದೂ ತಿಳಿಸಿದರು ಎನ್ನಿರಿ. ಆಗ ‘ಸಿಗಲಿಲ್ಲ’ ಎಂಬ ಮಾತಿಗೆ ಬೆಲೆಯೇ ಇಲ್ಲ. ಮೊದಲನೆಯ ಕಪಾಟು ಮತ್ತೆ 50ಕ್ಕೆ ಏರುತ್ತದೆ; ಮತ್ತೆ ಅದನ್ನೇ ನೋಡಬೇಕು.

ಹೊಸ ಸಮಾಚಾರ ಬಂದಂತೆ ಹಳೆಯ ಅಂದಾಜನ್ನು ಹೀಗೆ ತಿದ್ದುವ ಗಣಿತಕ್ಕೆ ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ಎಂಬುವರ ಹೆಸರಿದೆ. ಅವರ ಬರಹ ಅವರು ತೀರಿಕೊಂಡ ಮೇಲೆ, 1763ರಲ್ಲಿ ಅಚ್ಚಾಯಿತು.

ಏರ್ ಫ್ರಾನ್ಸ್ ವಿಮಾನದ ಕಥೆ

ಕಪಾಟಿನ ಲೆಕ್ಕ ಕಡಲಿನಲ್ಲಿ ಹೇಗೆ ನಡೆಯಿತೆಂಬುದನ್ನು ಈಗ ನೋಡೋಣ. 2009ರ ಜೂನ್ 1ರಂದು ಬ್ರೆಜಿಲಿನ ರಿಯೋದಿಂದ ಪ್ಯಾರಿಸ್ಸಿಗೆ ಹೊರಟ ಏರ್ ಫ್ರಾನ್ಸ್ 447 ವಿಮಾನ ಅಟ್ಲಾಂಟಿಕ್ ಸಾಗರದ ನಡುವೆ 228 ಮಂದಿಯೊಂದಿಗೆ ಕಾಣೆಯಾಯಿತು. ಅದು ಕಳುಹಿಸಿದ ಕೊನೆಯ ಸ್ಥಾನಸೂಚನೆ ಇತ್ತು. ಅಲ್ಲಿಂದ ಎಷ್ಟು ದೂರ ಹೋಗಿರಬಹುದೆಂದು ಲೆಕ್ಕ ಹಾಕಿ, ಸುಮಾರು 75 ಕಿಲೋಮೀಟರು ತ್ರಿಜ್ಯದ ಒಂದು ವೃತ್ತ ಎಳೆದರು. ವೃತ್ತದೊಳಗಿನ ಕಡಲು ಸುಮಾರು 17,000 ಚದರ ಕಿಲೋಮೀಟರು.

ಮೊದಲ ತಿಂಗಳು ಹಡಗುಗಳು ಸಂಕೇತಯಂತ್ರದ ಶಬ್ದಕ್ಕೆ ಕಿವಿಗೊಟ್ಟವು. ಕೇಳಲಿಲ್ಲ. 2010ರಲ್ಲಿ ಬೇರೆ ದಾರಿ ಹಿಡಿದರು. ಅಪಘಾತದ ಕೆಲವು ದಿನಗಳ ನಂತರ ದೇಹಗಳೂ ತುಂಡುಗಳೂ ತೇಲುತ್ತ ಸಿಕ್ಕಿದ್ದವು. ಪ್ರವಾಹದ ಲೆಕ್ಕವನ್ನು ಹಿಂದಕ್ಕೆ ತಿರುಗಿಸಿ ಬಿದ್ದ ಜಾಗವನ್ನು ಊಹಿಸಿ, ಅಲ್ಲಿ ಹುಡುಕಿದರು. ಸಿಗಲಿಲ್ಲ.

ಈ ಹಿಂದಿನ ಲೆಕ್ಕ ಎಷ್ಟು ಕಷ್ಟವೆಂಬುದು ನಮಗೆ ಗೊತ್ತಿರುವ ಒಂದು ನೋಟದಿಂದಲೇ ತಿಳಿಯುತ್ತದೆ. ವಾಶಿ ಸೇತುವೆಯ ಮೇಲೆ ಲೋಕಲ್ ಹೋಗುವಾಗ ಕೆಲವರು ಖಾಡಿಗೆ ತೆಂಗಿನಕಾಯಿ ಎಸೆಯುತ್ತಾರೆ. ಭರತವಿದ್ದರೆ ಕಾಯಿ ಐರೋಲಿಯ ಕಡೆಗೆ ತೇಲುತ್ತದೆ. ಇಳಿತವಿದ್ದರೆ ಕಡಲ ಕಡೆಗೆ. ಐದು ದಿನಗಳಲ್ಲಿ ನೀರು ಎಷ್ಟು ಸಲ ತಿರುಗುತ್ತದೆ, ಗಾಳಿ ಎಷ್ಟು ಸಲ ಬದಲಾಗುತ್ತದೆ! ಕಾಯಿ ಸಿಕ್ಕ ಜಾಗವನ್ನು ನೋಡಿ ಎಸೆದ ಜಾಗವನ್ನು ಹೇಳುವುದು ಸುಲಭವಲ್ಲ.

ಫ್ರಾನ್ಸಿನ ತನಿಖಾ ಸಂಸ್ಥೆಯವರು ಆಗ ಅಮೆರಿಕದ ಮೆಟ್ರಾನ್ ಎಂಬ ಸಂಸ್ಥೆಯ ಗಣಿತಜ್ಞರನ್ನು ಕೇಳಿದರು. ಅವರು ಅದುವರೆಗಿನ ಪ್ರತಿಯೊಂದು ಶೋಧವನ್ನೂ ಲೆಕ್ಕಕ್ಕೆ ತಂದು, ಯಾವ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂದು ತೂಗಿದರು. ಸಂಕೇತಯಂತ್ರಗಳೇ ಕೆಟ್ಟಿದ್ದರೆ ಏನಾಗುತ್ತದೆ ಎಂದು ಕೇಳಿಕೊಂಡರು. ಹಾಗಿದ್ದರೆ, ಶಬ್ದ ಕೇಳಲಿಲ್ಲವೆಂಬ ಕಾರಣಕ್ಕೆ ಬಿಟ್ಟುಬಂದ ಜಾಗವೇ, ಕೊನೆಯ ಸ್ಥಾನದ ಹತ್ತಿರದ ಜಾಗವೇ, ಮತ್ತೆ ಮೊದಲನೆಯದಾಗುತ್ತದೆ. ಸೆಲ್ಲು ಸತ್ತ ಟಾರ್ಚಿನ ಲೆಕ್ಕವೇ ಇದು.

2011ರ ಶೋಧಕ್ಕೆ ಮೂರು ಜಲಯಂತ್ರಗಳು ಹೋದವು. ಅವುಗಳಲ್ಲಿ ಎರಡು ವೇಟ್ ಇನ್‌ಸ್ಟಿಟ್ಯೂಟ್ ಎಂಬ ಲಾಭೇತರ ಸಂಸ್ಥೆಯವು. ಇನ್ನೊಂದು ಜರ್ಮನಿಯ ಸಾಗರವಿಜ್ಞಾನ ಸಂಸ್ಥೆಯದು. ನಡೆಸಿದವರು ಅಮೆರಿಕದ ವುಡ್ಸ್ ಹೋಲ್ ಸಾಗರವಿಜ್ಞಾನ ಸಂಸ್ಥೆಯ ತಜ್ಞರು. ಸುಮಾರು ಒಂದು ವಾರದಲ್ಲಿ, ಏಪ್ರಿಲ್ 3ರಂದು, ವಿಮಾನ ಕಾಣಿಸಿತು. ಕೊನೆಯ ಸ್ಥಾನದಿಂದ ಕೇವಲ 12 ಕಿಲೋಮೀಟರು ದೂರ. ಆಳ ಸುಮಾರು 3,900 ಮೀಟರು. ಮೇ ತಿಂಗಳ ಆರಂಭದಲ್ಲಿ ದಾಖಲೆ ಪೆಟ್ಟಿಗೆಗಳು ಮೇಲೆ ಬಂದವು. ಅವುಗಳೊಂದಿಗೆ ದೊರೆತ ಒಂದು ಸಂಕೇತಯಂತ್ರವನ್ನು ಪರೀಕ್ಷಿಸಿದಾಗ ಅದು ಕೆಲಸ ಮಾಡಲಿಲ್ಲ!

ಅದೇ ವೇಟ್ ಸಂಸ್ಥೆಯ ಯಂತ್ರಗಳು 2009ರಲ್ಲಿ ಪೆಸಿಫಿಕ್ ಸಾಗರದ ಹೌಲ್ಯಾಂಡ್ ದ್ವೀಪದ ಬಳಿ ಅಮೇಲಿಯಾ ಇಯರ್‌ಹಾರ್ಟ್ ಅವರ ವಿಮಾನವನ್ನೂ ಹುಡುಕಿದ್ದವು. ಕರಾಚಿ, ಕಲಕತ್ತೆಗಳ ಮೇಲೆ ಹಾದು ಹೋಗಿ 1937ರ ಜುಲೈ 2ರಂದು ಕಾಣೆಯಾದ ವಿಮಾನವದು. ಅಲ್ಲಿ ಸಿಗಲಿಲ್ಲ. ಆದರೆ ಸರಿಯಾಗಿ ನೋಡಿ ‘ಇಲ್ಲಿ ಇಲ್ಲ’ ಎಂದು ಬರೆದಿಟ್ಟದ್ದು ಮುಂದಿನವರಿಗೆ ಉಪಯೋಗಕ್ಕೆ ಬರುವ ಜಮೆಯೇ.

ಮನೆಯವರಿಗಾಗಿ ಹುಡುಕುವವರು

ಅಪಘಾತದ ಕಾರಣ ತಿಳಿಯಲೆಂದಷ್ಟೇ ಹುಡುಕುವುದಿಲ್ಲ. ಫಿಲಿಪೈನ್ಸಿನ ಪೂರ್ವಕ್ಕೆ ಪಲಾವು ಎಂಬ ದ್ವೀಪಗಳಿವೆ. ಎರಡನೆಯ ಮಹಾಯುದ್ಧದಲ್ಲಿ ಅಲ್ಲಿ ಅನೇಕ ವಿಮಾನಗಳು ಕಡಲು ಸೇರಿದವು. ಪ್ಯಾಟ್ ಸ್ಕ್ಯಾನನ್ ಎಂಬ ಅಮೆರಿಕದ ವೈದ್ಯರು 1993ರಲ್ಲಿ ಅಲ್ಲಿಗೆ ಹೋದಾಗ ಒಂದು ವಿಮಾನದ ರೆಕ್ಕೆಯನ್ನು ಕಂಡು, ಅಂದಿನಿಂದ ತಮ್ಮ ಗೆಳೆಯರೊಂದಿಗೆ ಹುಡುಕತೊಡಗಿದರು. 1944ರ ಸೆಪ್ಟೆಂಬರ್ 1ರಂದು ಬಿದ್ದ ಒಂದು ಬಿ-24 ವಿಮಾನ ಸ್ಥಳೀಯರ ನೆರವಿನಿಂದ 2004ರಲ್ಲಿ ದೊರೆಯಿತು. 2010ರಲ್ಲಿ ಅದರ ಸಿಪಾಯಿಗಳ ಅವಶೇಷಗಳಿಗೆ ಅವರ ದೇಶದಲ್ಲಿ ಅಂತ್ಯಕ್ರಿಯೆ ನಡೆಯಿತು. 2012ರಲ್ಲಿ ಸ್ಕ್ಯಾನನ್ನರ ತಂಡವೂ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆ, ಡೆಲವೇರ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳೂ ಸೇರಿ ‘ಪ್ರಾಜೆಕ್ಟ್ ರಿಕವರ್’ ಎಂಬ ಕಾರ್ಯವನ್ನು ಆರಂಭಿಸಿದರು. ಇತಿಹಾಸ ಬಲ್ಲವರು ಹಳೆಯ ಕಾಗದಪತ್ರ ನೋಡುತ್ತಾರೆ. ದ್ವೀಪದ ಹಿರಿಯರನ್ನು ಕೇಳುತ್ತಾರೆ. ಆಮೇಲೆ ಸೋನಾರ್ ಇಳಿಯುತ್ತದೆ.

ನಮ್ಮ ದೇಶದ ಎರಡು ಶೋಧಗಳು

2015ರ ಜೂನ್ 8ರಂದು ನಮ್ಮ ತಟರಕ್ಷಕ ಪಡೆಯ ಡಾರ್ನಿಯರ್ ವಿಮಾನವೊಂದು ಮೂವರು ಸಿಬ್ಬಂದಿಯೊಂದಿಗೆ ತಮಿಳುನಾಡಿನ ಕಡಲಲ್ಲಿ ಕಾಣೆಯಾಯಿತು. ಅದರ ಸಂಕೇತಯಂತ್ರದ ಶಬ್ದವನ್ನು ನೌಕಾಪಡೆಯ ‘ಸಿಂಧುಧ್ವಜ’ ಜಲಾಂತರ್ಗಾಮಿ ಹಿಡಿಯಿತು. ಜುಲೈ ತಿಂಗಳಿನಲ್ಲಿ ಸುಮಾರು ಒಂದು ಕಿಲೋಮೀಟರು ಆಳದಲ್ಲಿ ವಿಮಾನ ಸಿಕ್ಕಿತು.

ಮರುವರ್ಷ, 2016ರ ಜುಲೈ 22ರಂದು, ತಾಂಬರಂನಿಂದ ಪೋರ್ಟ್ ಬ್ಲೇರಿಗೆ ಹೊರಟ ವಾಯುಪಡೆಯ ಎಎನ್-32 ವಿಮಾನ 29 ಮಂದಿಯೊಂದಿಗೆ ಬಂಗಾಳ ಕೊಲ್ಲಿಯ ಮೇಲೆ ಕಾಣೆಯಾಯಿತು. ನೀರಿನೊಳಗೆ ಶಬ್ದ ಮಾಡುವ ಸಂಕೇತಯಂತ್ರ ಅದರಲ್ಲಿ ಇರಲಿಲ್ಲ. ಹಡಗುಗಳೂ ವಿಮಾನಗಳೂ ವಾರಗಟ್ಟಲೆ ಹುಡುಕಿದವು. ಸೆಪ್ಟೆಂಬರಿನಲ್ಲಿ ಶೋಧ ನಿಲ್ಲಿಸಿ, ಎಲ್ಲರೂ ತೀರಿಕೊಂಡಿದ್ದಾರೆಂದು ಭಾವಿಸಬೇಕೆಂದು ಮನೆಗಳಿಗೆ ತಿಳಿಸಲಾಯಿತು.

‘ಭಾವಿಸಬೇಕು’ ಎಂಬ ಆ ಮಾತಿನ ಭಾರ ಮನೆಯವರಿಗೇ ಗೊತ್ತು. ನಮ್ಮ ದೇಶದ ಸಾಕ್ಷ್ಯ ಕಾನೂನಿನಂತೆ ಏಳು ವರ್ಷ ಸುದ್ದಿಯೇ ಇಲ್ಲದವನು ಬದುಕಿದ್ದಾನೆಂದು ಹೇಳುವವನೇ ಅದನ್ನು ಸಾಧಿಸಿ ತೋರಿಸಬೇಕು. ಕಾನೂನು ಹೀಗೆ ಲೆಕ್ಕ ಮುಗಿಸಬಹುದು. ಹೆತ್ತ ತಾಯಿ ಮುಗಿಸುವುದಿಲ್ಲ. ತಿಥಿ ಯಾವ ದಿನ ಮಾಡಬೇಕು, ಮಾಡಬೇಕೋ ಬೇಡವೋ ಎಂಬುದೇ ತಿಳಿಯದೆ ಬಾಗಿಲು ನೋಡುತ್ತ ಕುಳಿತಿರುತ್ತಾಳೆ.

ಏಳೂವರೆ ವರ್ಷಗಳಾದ ಮೇಲೆ ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ವಿಮಾನದ ಕೊನೆಯ ಸ್ಥಾನವೆಂದು ಗೊತ್ತಿದ್ದ ಕಡೆಯಲ್ಲಿ ತಮ್ಮ ಜಲಯಂತ್ರವನ್ನು ಇಳಿಸಿದರು. 3,400 ಮೀಟರು ಆಳದಲ್ಲಿ, ಚೆನ್ನೈ ತೀರದಿಂದ ಸುಮಾರು 140 ನಾಟಿಕಲ್ ಮೈಲು ದೂರದಲ್ಲಿ, ವಿಮಾನದ ಅವಶೇಷಗಳ ಚಿತ್ರಗಳು ದೊರೆತವು. ಚಿತ್ರಗಳು ಎಎನ್-32ಕ್ಕೆ ಹೊಂದಿದವು. ಅದೇ ಪ್ರದೇಶದಲ್ಲಿ ಬೇರೆ ಯಾವ ವಿಮಾನವೂ ಕಾಣೆಯಾದ ವರದಿ ಇರಲಿಲ್ಲ. ಈ ಎರಡನ್ನೂ ಕೂಡಿಸಿ, ಇದು ಆ ವಿಮಾನದ್ದೇ ಇರಬೇಕೆಂದು ರಕ್ಷಣಾ ಸಚಿವಾಲಯ 2024ರ ಜನವರಿ 12ರಂದು ಪ್ರಕಟಿಸಿತು.

ಶೋಧದಿಂದ ಇನ್ನೊಂದು ಪ್ರಯೋಜನವೂ ಉಂಟು. ಏರ್ ಫ್ರಾನ್ಸ್ ವಿಮಾನದ ವೇಗ ಅಳೆಯುವ ಕೊಳವೆಗಳಿಗೆ ಹಿಮದ ಹರಳು ತುಂಬಿತ್ತೆಂದೂ, ಆಮೇಲೆ ಚಾಲಕರಿಗೆ ವಿಮಾನ ಸಂಭಾಳಿಸಲಾಗಲಿಲ್ಲವೆಂದೂ ಪೆಟ್ಟಿಗೆಗಳಿಂದ ದೃಢಪಟ್ಟಿತು. ಮೊದಲು 30 ದಿನ ಮಾತ್ರ ಶಬ್ದ ಮಾಡಬೇಕಾಗಿದ್ದ ಸಂಕೇತಯಂತ್ರ 90 ದಿನ ಶಬ್ದ ಮಾಡಬೇಕೆಂಬ ಹೊಸ ನಿಯಮವೂ ಆ ಅಪಘಾತದ ನಂತರ ಬಂತು. ಇಂದು ನಮ್ಮವರು ದುಬೈಗೆ ಹಾರುವಾಗ ಆ ಕಲಿಕೆ ಅವರೊಂದಿಗೆ ಹೋಗುತ್ತದೆ.

ಕಡತ ಬರೆಯುವ ನಮ್ಮಂಥವರು ಇದರಿಂದ ಕಲಿಯುವುದೊಂದಿದೆ. ‘ಹುಡುಕಿದೆವು, ಇಲ್ಲ’ ಎಂದು ಬರೆಯುವಾಗ, ಯಾರು, ಎಲ್ಲಿ, ಯಾವ ಬೆಳಕಿನಲ್ಲಿ, ಎಷ್ಟು ಚೆನ್ನಾಗಿ ಹುಡುಕಿದರೆಂಬುದನ್ನೂ ಬರೆಯಬೇಕು. ಮೂರು ವರ್ಷಗಳ ನಂತರ ಆ ಸಾಲನ್ನು ಓದುವವರಿಗೆ ಅದೇ ದಾರಿ ತೋರಿಸೀತು.

ಅಭ್ಯಾಸಕ್ಕೆ

1. ಭೂಪಟದಲ್ಲಿ ತಾಂಬರಂ, ಪೋರ್ಟ್ ಬ್ಲೇರ್, ಪಲಾವು, ಹೌಲ್ಯಾಂಡ್ ದ್ವೀಪಗಳನ್ನು ಗುರುತಿಸಿರಿ.

2. ಬಾಂದ್ರಾದ 10 ಮೀಟರಿಗೂ ಬಂಗಾಳ ಕೊಲ್ಲಿಯ 3,400 ಮೀಟರಿಗೂ ನೀರಿನ ಒತ್ತಡದಲ್ಲಿ ಎಷ್ಟು ವ್ಯತ್ಯಾಸ?

3. ಕಪಾಟಿನ ಲೆಕ್ಕದಲ್ಲಿ ಟಾರ್ಚು ಒಳ್ಳೆಯದಾಗಿದ್ದು, ಐದರಲ್ಲಿ ನಾಲ್ಕು ಸಲ ಕಟ್ಟನ್ನು ಕಾಣಿಸುವಂಥದ್ದಾಗಿದ್ದರೆ ಮೂರು ಕಪಾಟುಗಳ ಸಂಭವ ಎಷ್ಟೆಷ್ಟಾಗುತ್ತಿತ್ತು? (ಉತ್ತರ: ನೂರಕ್ಕೆ 17, 50, 33.)