ಸಣ್ಣ ಸಂಘಗಳು ದತ್ತಿ ಸಹಾಯ ಕೇಳುವ ಬಗೆ

ನಮ್ಮ ಉಚಿತ ವಾಚನಾಲಯದಂಥ ಸಣ್ಣ ಸಂಸ್ಥೆಗಳು ಸದಸ್ಯರ ವರ್ಗಣಿಯ ಮೇಲೆಯೇ ನಡೆಯುತ್ತ ಬಂದಿವೆ. ಆದರೆ ಕೋಣೆಯ ಬಾಡಿಗೆ, ವಿದ್ಯುತ್ತಿನ ಬಿಲ್ಲು, ಪತ್ರಿಕೆಗಳ ಬೆಲೆ ಇವು ಏರಿದಷ್ಟು ವರ್ಗಣಿ ಏರುವುದಿಲ್ಲ. ಬಾಡಿಗೆ ನಾಲ್ಕು ತಿಂಗಳು ನಿಂತರೆ ಬಾಗಿಲಿಗೆ ಬೀಗ ಬೀಳುವುದು. ಒಂದೇ ಕೋಣೆಯ ಮನೆಯಲ್ಲಿ ಓದಲು ಮೂಲೆಯಿಲ್ಲದ ಹುಡುಗನೂ, ಪಾಳಿ ಮುಗಿಸಿ ಊರ ಕಡೆಯ ಸುದ್ದಿ ನೋಡಲು ಬರುವ ಕೆಲಸಗಾರನೂ ಆಗ ಎಲ್ಲಿಗೆ ಹೋಗಬೇಕು? ಆದುದರಿಂದ ದತ್ತಿ ಸಂಸ್ಥೆಗಳಲ್ಲಿ ಸಹಾಯ ಕೇಳುವ ಕ್ರಮವನ್ನು ಈ ಪಾಠದಲ್ಲಿ ವಿಚಾರಿಸೋಣ.

ಕೊಡುವವರು ಯಾರು?

ಕೊಡುವವರಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು, ಶ್ರೀಮಂತರು ತಮ್ಮ ಆಸ್ತಿಯನ್ನು ಮೀಸಲಿಟ್ಟು ಕಟ್ಟಿದ ದತ್ತಿಗಳು. ಮುಂಬಯಿಯ ಸರ್ ರತನ್ ಟಾಟಾ ಟ್ರಸ್ಟ್ ೧೯೧೯ರಲ್ಲಿಯೂ, ಸರ್ ದೋರಾಬ್ಜಿ ಟಾಟಾ ಟ್ರಸ್ಟ್ ೧೯೩೨ರಲ್ಲಿಯೂ ಸ್ಥಾಪನೆಯಾದವು. ಇಂಥ ದೊಡ್ಡ ದತ್ತಿಗಳಲ್ಲದೆ ವ್ಯಾಪಾರಿ ಮನೆತನಗಳ ಚಿಕ್ಕ ದತ್ತಿಗಳೂ ಪ್ರತಿ ನಗರದಲ್ಲಿ ಇರುತ್ತವೆ.

ಎರಡನೆಯದು ಕಂಪನಿಗಳು. ೨೦೧೩ರ ಕಂಪನಿ ಕಾಯದೆಯ ಪ್ರಕಾರ, ಗೊತ್ತುಪಡಿಸಿದ ಮಟ್ಟವನ್ನು ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ ೨ರಷ್ಟನ್ನು ಸಮಾಜಕಾರ್ಯಕ್ಕೆ ವೆಚ್ಚ ಮಾಡಬೇಕು. ಆ ಕಾರ್ಯಗಳ ಯಾದಿಯಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಸ್ಥಾಪನೆ ಎಂಬುದು ಸ್ಪಷ್ಟವಾಗಿಯೇ ಇದೆ. ಕಂಪನಿಯು ತಾನು ಕೆಲಸ ನಡೆಸುವ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯದೆ ಹೇಳುತ್ತದೆ. ಎಂದರೆ, ದೂರದ ದೊಡ್ಡ ಹೆಸರಿಗಿಂತ ನಮ್ಮ ಬೀದಿಗೆ ಹತ್ತಿರವಿರುವ ಕಾರಖಾನೆಯ ಕಚೇರಿಯನ್ನು ಮೊದಲು ಕೇಳುವುದು ಲೇಸು.

ಮೂರನೆಯದು ಸರಕಾರದ ಸಂಸ್ಥೆಗಳು. ಕಲಕತ್ತೆಯಲ್ಲಿ ೧೯೭೨ರಲ್ಲಿ ಸ್ಥಾಪಿತವಾದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನವು ದೇಶದ ಸಾರ್ವಜನಿಕ ಗ್ರಂಥಾಲಯಗಳಿಗೆ ನೆರವಾಗುವುದಕ್ಕೆಂದೇ ಇದೆ.

ಪರದೇಶದ ಹಣದ ವಿಷಯದಲ್ಲಿ ಎಚ್ಚರ ಬೇಕು. ೨೦೧೦ರ ವಿದೇಶಿ ವಂತಿಗೆ ಕಾಯದೆಯ ನೋಂದಣಿ ಅಥವಾ ಪೂರ್ವಾನುಮತಿಯಿಲ್ಲದೆ ಅದನ್ನು ಪಡೆಯುವಂತಿಲ್ಲ. ದುಬಾಯಿಯಲ್ಲಿ ದುಡಿಯುವ ಭಾರತದ ನಾಗರಿಕನು ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ಈ ಕಟ್ಟಿನಲ್ಲಿ ಬರುವುದಿಲ್ಲ. ಆದರೆ ಬೇರೆ ದೇಶದ ನಾಗರಿಕತ್ವ ಪಡೆದವನು ನಮ್ಮವನೇ ಆದರೂ ಅವನ ಹಣ ವಿದೇಶಿ ಹಣವೇ.

ಕಾಗದಪತ್ರಗಳು

ನೋಂದಣಿಯಿಲ್ಲದ ಸಂಘದ ಅರ್ಜಿಯನ್ನು ಸಾಮಾನ್ಯವಾಗಿ ಯಾರೂ ಮುಂದೆ ಓದುವುದಿಲ್ಲ. ೧೮೬೦ರ ಸಂಘಗಳ ನೋಂದಣಿ ಕಾಯದೆಯಂತೆ ಕನಿಷ್ಠ ಏಳು ಜನ ಕೂಡಿ ಸಂಘವನ್ನು ನೋಂದಾಯಿಸಬಹುದು. ಮಹಾರಾಷ್ಟ್ರದಲ್ಲಿ ಇದರ ಮೇಲೆ ೧೯೫೦ರ ಸಾರ್ವಜನಿಕ ನ್ಯಾಸಗಳ ಕಾಯದೆಯ ಪ್ರಕಾರ ಚಾರಿಟಿ ಕಮಿಷನರರ ಕಚೇರಿಯಲ್ಲಿಯೂ ದಾಖಲೆಯಾಗಬೇಕು. ಸಂಘದ ಹೆಸರಿನ ಪ್ಯಾನ್ ಕಾರ್ಡು, ಬ್ಯಾಂಕಿನ ಖಾತೆ, ಆದಾಯ ತೆರಿಗೆ ಇಲಾಖೆಯ ನೋಂದಣಿ, ತಪಾಸಣೆಯಾದ ಮೂರು ವರ್ಷಗಳ ಜಮಾ-ಖರ್ಚು ಮತ್ತು ಅಡಾವೆ ಪತ್ರಿಕೆ, ಅರ್ಜಿ ಹಾಕಲು ಕಾರ್ಯಕಾರಿ ಮಂಡಳಿ ಮಾಡಿದ ಠರಾವಿನ ಪ್ರತಿ, ಇಷ್ಟನ್ನು ಒಂದೇ ಕಡತದಲ್ಲಿ ಸಿದ್ಧವಾಗಿಡಬೇಕು. ಕಂಪನಿಯ ಹಣ ಬೇಕಾದರೆ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿ.ಎಸ್.ಆರ್.-೧ ಎಂಬ ನಮೂನೆಯನ್ನೂ ತುಂಬಿ ನೋಂದಾಯಿಸಬೇಕು.

ಅರ್ಜಿಯ ಜೀವ

ಕಾಗದಗಳು ಬಾಗಿಲವರೆಗೆ ಒಯ್ಯುತ್ತವೆ, ಒಳಗೆ ಕರೆಯಿಸುವುದು ನಮ್ಮ ಕೆಲಸದ ದಾಖಲೆ. ಅನೇಕ ಅರ್ಜಿಗಳಲ್ಲಿ ನಾವು ಕಾಣುವುದು ಇಂಥ ವಾಕ್ಯ: “ನಮ್ಮ ಸಂಘವು ಅನೇಕ ವರ್ಷಗಳಿಂದ ನಾಡುನುಡಿಗಳ ಸೇವೆ ಮಾಡುತ್ತಿದ್ದು, ಹಣದ ಅಡಚಣೆಯಲ್ಲಿರುವುದರಿಂದ ಉದಾರ ಮನಸ್ಸಿನಿಂದ ಸಹಾಯ ಮಾಡಬೇಕು.” ಇದು ಸುಳ್ಳಲ್ಲ. ಆದರೆ ಮೇಜಿನ ಮೇಲಿರುವ ಎಲ್ಲ ಅರ್ಜಿಗಳೂ ಹೀಗೆಯೇ ಹೇಳುತ್ತವೆ. ಬಡತನವನ್ನು ಎಲ್ಲರೂ ತೋರಿಸಬಲ್ಲರು. ಕೆಲಸವನ್ನು ತೋರಿಸಬಲ್ಲವರು ಕಡಿಮೆ.

ಗಿರಣಿಯಲ್ಲಿ ಮಸ್ಟರಿನಲ್ಲಿ ಹೆಸರಿಲ್ಲದ ದಿನಕ್ಕೆ ಪಗಾರವಿಲ್ಲ ಎಂಬುದು ನಮಗೆಲ್ಲ ಗೊತ್ತು. ವಾಚನಾಲಯಕ್ಕೂ ಅದೇ ನ್ಯಾಯ. ಬಂದವರ ಸಹಿಯ ಪುಸ್ತಕ ಇಲ್ಲದಿದ್ದರೆ, ನೂರು ಜನ ಬಂದರೂ ಕೊಡುವವರ ಲೆಕ್ಕದಲ್ಲಿ ಯಾರೂ ಬಂದಿಲ್ಲ.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ತಿಂಗಳಲ್ಲಿ ವಾಚನಾಲಯವು ೨೬ ದಿನ ತೆರೆದಿತ್ತು. ಸಂಜೆ ೭ರಿಂದ ೧೦ರವರೆಗೆ ಬಿದ್ದ ಸಹಿಗಳು ೧,೦೪೦. ಅಂದರೆ ಒಂದು ಸಂಜೆಗೆ ಸರಾಸರಿ ೪೦ ಜನ. ಇರುವ ಕುರ್ಚಿಗಳು ೧೬. ಉಳಿದ ೨೪ ಜನ ನೆಲದ ಮೇಲೆ ಕೂಡುತ್ತಾರೆ ಅಥವಾ ಹಿಂದಿರುಗುತ್ತಾರೆ. ಈಗ ಬೇಡಿಕೆ ತಾನಾಗಿಯೇ ಮೂಡಿತು:

ಕುರ್ಚಿ ೨೪, ತಲಾ ೮೦೦ ರೂ.: ೧೯,೨೦೦
ಮೇಜು ೬, ತಲಾ ೪,೦೦೦ ರೂ.: ೨೪,೦೦೦
ಫ್ಯಾನು ೪, ತಲಾ ೨,೨೦೦ ರೂ.: ೮,೮೦೦
ಒಟ್ಟು: ೫೨,೦೦೦
ಸಂಘದ ವರ್ಗಣಿಯಿಂದ: ೧೨,೦೦೦
ಕೇಳುವ ಸಹಾಯ: ೪೦,೦೦೦

ಇಲ್ಲಿ ಮೂರು ಗುಣಗಳಿವೆ. ಕೇಳಿದ್ದು ಎಣಿಸಿ ನೋಡಬಹುದಾದ ವಸ್ತು. ಅದು ಏಕೆ ಬೇಕೆಂಬುದನ್ನು ಸಹಿಯ ಪುಸ್ತಕವೇ ಹೇಳುತ್ತದೆ. ಸಂಘವು ತನ್ನ ಪಾಲನ್ನೂ ಹಾಕಿದೆ. ದರಗಳಿಗೆ ಅಂಗಡಿಯವರ ಲಿಖಿತ ಕೊಟೇಶನ್ ಲಗತ್ತಿಸಿದರೆ ಯಾರೂ ಶಂಕಿಸುವಂತಿಲ್ಲ. ಹಣ ಹೆಚ್ಚು ಸಿಗಲೆಂದು ಅಂಕಿಯನ್ನು ಉಬ್ಬಿಸಕೂಡದು. ನೋಡಲು ಬಂದವರು ಕುರ್ಚಿಗಳನ್ನು ಎಣಿಸಿಯಾರು.

ಬಾಡಿಗೆಯಂಥ ನಿತ್ಯದ ಖರ್ಚಿಗೆ ಕೊಡುವವರು ಹಿಂಜರಿಯುವುದುಂಟು, ಏಕೆಂದರೆ ಅದಕ್ಕೆ ಕೊನೆಯಿಲ್ಲ. ಆದುದರಿಂದ ವಸ್ತುಗಳಿಗೆ ದತ್ತಿಯನ್ನು ಕೇಳಿ, ವರ್ಗಣಿಯನ್ನು ಬಾಡಿಗೆಗೆ ಉಳಿಸಿಕೊಳ್ಳುವುದೇ ಜಾಣತನ.

ಹಣ ಬಂದ ಮೇಲೆ

ಕುರ್ಚಿಗೆಂದು ಬಂದ ಹಣವನ್ನು ರಾಜ್ಯೋತ್ಸವದ ಮಂಟಪಕ್ಕೆ ತಿರುಗಿಸಕೂಡದು, ಎಷ್ಟೇ ತುರ್ತಿದ್ದರೂ ಸರಿ. ಬದಲಾವಣೆ ಬೇಕಾದರೆ ಮೊದಲು ಬರೆದು ಕೇಳಿ ಒಪ್ಪಿಗೆ ಪಡೆಯಬೇಕು. ಪಾವತಿಗಳನ್ನು ಬೇರೆಯಾಗಿ ಜೋಡಿಸಿ, ವಿನಿಯೋಗದ ಪ್ರಮಾಣಪತ್ರವನ್ನು ಅವಧಿಯೊಳಗೆ ಕಳಿಸಬೇಕು. ಕೇಳುವಾಗ ಹತ್ತು ಸಲ ಹೋಗಿ, ಲೆಕ್ಕ ಕೊಡುವಾಗ ಮುಖ ಮರೆಸಿದ ಸಂಘಕ್ಕೆ ಎರಡನೆಯ ಸಲ ಬಾಗಿಲು ತೆರೆಯುವುದಿಲ್ಲ. ಅದರಿಂದ ಅದರ ಹಿಂದೆ ನಿಂತ ಉಳಿದ ಸಣ್ಣ ಸಂಘಗಳಿಗೂ ಕೆಟ್ಟ ಹೆಸರು ಬರುವುದು. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ವಿನಯದಿಂದ ಕೇಳಿ, ತಿದ್ದಿ, ಮುಂದಿನ ವರ್ಷ ಮತ್ತೆ ಹಾಕಬೇಕು.

ಅಭ್ಯಾಸ

೧. ಕಳೆದ ತಿಂಗಳ ಸಹಿಯ ಪುಸ್ತಕದಿಂದ ಒಂದು ದಿನದ ಸರಾಸರಿ ತೆಗೆಯಿರಿ.
೨. ಆ ಅಂಕಿಯಿಂದ ಹೊರಡುವ ಒಂದೇ ಒಂದು ಬೇಡಿಕೆಯನ್ನು ಮೂರು ವಾಕ್ಯಗಳಲ್ಲಿ ಬರೆಯಿರಿ.
೩. ವಾಚನಾಲಯಕ್ಕೆ ನಡೆದು ಹೋಗುವಷ್ಟು ಹತ್ತಿರದ ಕಂಪನಿ ಹಾಗೂ ದತ್ತಿಗಳ ಯಾದಿ ಮಾಡಿರಿ.

ಬರೆದು ತಂದವರ ಹಾಳೆಗಳನ್ನು ಭಾನುವಾರದ ಬೆಳಿಗ್ಗೆ ನಾವೆಲ್ಲರೂ ಕೂಡಿ ಓದೋಣ. ಸಹಿಯ ಪುಸ್ತಕ ಬಾಗಿಲ ಬಳಿಯ ಮೇಜಿನ ಮೇಲಿದೆ. ಒಳಗೆ ಬರುವಾಗ ಪ್ರತಿಯೊಬ್ಬರೂ ಮರೆಯದೆ ಸಹಿ ಮಾಡಬೇಕಾಗಿ ವಿನಂತಿ.