ಸಮಗ್ರ ಅರ್ಥಶಾಸ್ತ್ರದ ಪಾಠ ರಾಜಾಜಿನಗರದಿಂದ ಶುರುವಾಗಲಿ

ಜಿಡಿಪಿ ಎಂದರೇನು ಎಂದು ದ್ವಿತೀಯ ಪಿಯು ವಿದ್ಯಾರ್ಥಿಗಳನ್ನು ಕೇಳಿ ನೋಡಿ, ವ್ಯಾಖ್ಯೆಯನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಮನೆಯ ಹಳೆಯ ಬೈಕ್ ಮಾರಿದರೆ ಆ ಹಣ ಜಿಡಿಪಿಗೆ ಸೇರುತ್ತದೆಯೇ ಎಂದು ಕೇಳಿದರೆ ತಡವರಿಸುತ್ತಾರೆ. ಪುಸ್ತಕದ ಮಾತಿಗೂ ಬೀದಿಯ ವ್ಯಾಪಾರಕ್ಕೂ ನಂಟು ಬೆಸೆಯದಿದ್ದರೆ ಹೀಗೇ ಆಗುತ್ತದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಭಾಗದ ಉಪನ್ಯಾಸಕರಿಗೆ ಆ ಕೆಲಸ ಕಷ್ಟವಲ್ಲ. ನೂರು ವರ್ಷ ದಾಟಿದ ಸರ್ಕಾರಿ ಸಾಬೂನು ಉದ್ದಿಮೆ, ಸಣ್ಣ ಕೈಗಾರಿಕೆಗಳ ಎಸ್ಟೇಟ್, ಬೀದಿಗೊಂದು ದರ್ಶಿನಿ, ಕಾರ್ಖಾನೆಯ ಜಾಗದಲ್ಲಿ ಎದ್ದ ಮಾಲ್, ಎಲ್ಲವೂ ಇಲ್ಲೇ ಇವೆ.

ವ್ಯಾಪಾರದ ಉದಾಹರಣೆ ಕೊಟ್ಟು ಕಲಿಸಿ ಎಂಬ ಸಲಹೆ ಹಳೆಯದು. ತೊಡಕಿರುವುದು ಆ ಉದಾಹರಣೆ ಅಂಗಡಿಯ ಬಾಗಿಲಲ್ಲೇ ನಿಂತುಬಿಡುವುದರಲ್ಲಿ. ಒಂದು ಕಂಪನಿ ಹೇಗೆ ಬೆಳೆಯಿತು ಎಂಬುದು ವ್ಯವಹಾರ ಅಧ್ಯಯನದ ಪಾಠ. ಆ ಕಂಪನಿಯ ಖರ್ಚು ಯಾರ ಆದಾಯವಾಯಿತು, ಎಲ್ಲ ಕಂಪನಿಗಳೂ ಅದನ್ನೇ ಮಾಡಿದರೆ ಏನಾಗುತ್ತದೆ ಎಂದು ಕೇಳಿದಾಗ ಮಾತ್ರ ಅದು ಸಮಗ್ರ ಅರ್ಥಶಾಸ್ತ್ರದ ಪಾಠವಾಗುತ್ತದೆ. ಮುಂದಿನ ಪ್ರತಿ ಹೆಜ್ಜೆಯಲ್ಲೂ ಈ ಎರಡು ಪ್ರಶ್ನೆಗಳನ್ನು ಬಿಡಬೇಡಿ.

ಮೊದಲ ಹೆಜ್ಜೆ: ಒಂದು ದೋಸೆ, ಮೂರು ಲೆಕ್ಕ

ರಾಷ್ಟ್ರೀಯ ವರಮಾನದ ಪಾಠಕ್ಕೆ ಕಾಲೇಜಿನ ಪಕ್ಕದ ದರ್ಶಿನಿ ಸಾಕು. ಬೋರ್ಡಿನ ಮೇಲೆ ಒಂದು ಊಹೆಯ ಲೆಕ್ಕ ಬರೆಯಿರಿ. ರೈತರು ಭತ್ತವನ್ನು ₹40ಕ್ಕೆ ಗಿರಣಿಗೆ ಮಾರಿದರು. ಗಿರಣಿಯವರು ಅಕ್ಕಿ ಮಾಡಿ ₹55ಕ್ಕೆ ಹೋಟೆಲಿಗೆ ಕೊಟ್ಟರು. ಹೋಟೆಲಿನವರು ಅದನ್ನೇ ದೋಸೆಯಾಗಿ ಒಟ್ಟು ₹120ಕ್ಕೆ ಮಾರಿದರು. ಎಣ್ಣೆ, ಗ್ಯಾಸ್ ಸದ್ಯಕ್ಕೆ ಬದಿಗಿರಲಿ. ಮೂರು ಮಾರಾಟ ಕೂಡಿದರೆ ₹215 ಆಗುತ್ತದೆ, ಹೆಚ್ಚಿನವರು ಬರೆಯುವ ಉತ್ತರವೂ ಅದೇ. ಒಂದೇ ಭತ್ತವನ್ನು ಮೂರು ಸಲ ಎಣಿಸಿದ್ದೇವೆ ಎಂದು ಅವರೇ ಕಂಡುಕೊಳ್ಳುವವರೆಗೆ ಕಾಯಿರಿ. ಆಮೇಲೆ ಮೌಲ್ಯವರ್ಧನೆಯ ಲೆಕ್ಕ: 40, 15, 65, ಒಟ್ಟು ₹120.

ಇಲ್ಲಿಗೆ ನಿಲ್ಲಿಸಬೇಡಿ. ಹೋಟೆಲಿನ ₹65 ಎಲ್ಲಿಗೆ ಹೋಯಿತು? ಭಟ್ಟರು, ಸಪ್ಲೈಯರ್‌ಗಳ ಸಂಬಳ ₹30, ಬಾಡಿಗೆ ₹15, ಬ್ಯಾಂಕಿನ ಬಡ್ಡಿ ₹5, ಮಾಲೀಕರ ಲಾಭ ₹15. ಗಿರಣಿಯ, ರೈತರ ಪಾಲನ್ನೂ ಹೀಗೆಯೇ ಬಿಡಿಸಿದರೆ ಆದಾಯ ವಿಧಾನ. ದೋಸೆ ತಿಂದವರು ಕೊಟ್ಟ ₹120 ವೆಚ್ಚ ವಿಧಾನ. ಪುಸ್ತಕದಲ್ಲಿ ಬೇರೆ ಬೇರೆ ಪುಟಗಳಲ್ಲಿರುವ ಮೂರು ವಿಧಾನಗಳು ಒಂದೇ ಬೋರ್ಡಿನ ಮೇಲೆ ಒಂದೇ ಮೊತ್ತಕ್ಕೆ ಬಂದು ಸೇರುವುದನ್ನು ವಿದ್ಯಾರ್ಥಿಗಳು ಕಣ್ಣಾರೆ ಕಾಣಬೇಕು. ನನ್ನ ಮಟ್ಟಿಗೆ ಇಡೀ ವರ್ಷದ ಅತಿ ಮುಖ್ಯ ಪಾಠ ಇದು. ಎರಡು ಪೀರಿಯಡ್ ಹಿಡಿದರೂ ಚಿಂತೆಯಿಲ್ಲ.

ಗಡಿಯ ಪ್ರಶ್ನೆಗಳು ಆಮೇಲೆ. ಅಮ್ಮ ಮನೆಯಲ್ಲಿ ಹುಯ್ದ ದೋಸೆ ಲೆಕ್ಕಕ್ಕಿಲ್ಲ. ಹಳೆಯ ಬೈಕಿನ ಬೆಲೆ ಲೆಕ್ಕಕ್ಕಿಲ್ಲ, ಮಾರಿಸಿಕೊಟ್ಟವರ ಕಮಿಷನ್ ಇದೆ. ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ₹2,000 ವರ್ಗಾವಣೆ ಪಾವತಿ, ಅದು ನೇರವಾಗಿ ಜಿಡಿಪಿಯಲ್ಲ. ಆ ಹಣದಲ್ಲಿ ದಿನಸಿ ಕೊಂಡಾಗ ಅನುಭೋಗ ವೆಚ್ಚವಾಗುತ್ತದೆ. ಯೋಜನೆ ಬೇಕೋ ಬೇಡವೋ ಎಂಬ ಚರ್ಚೆ ಎದ್ದೇ ಏಳುತ್ತದೆ. ಮೊದಲು ಲೆಕ್ಕ ಮುಗಿಸಿ, ಚರ್ಚೆಗೆ ಬೇರೊಂದು ದಿನ ಕೊಡಿ.

ಭಾರತದ ರಾಷ್ಟ್ರೀಯ ವರಮಾನವನ್ನು ಸ್ವಾತಂತ್ರ್ಯಕ್ಕೆ ಮುಂಚೆಯೇ ಕ್ರಮಬದ್ಧವಾಗಿ ಅಂದಾಜು ಮಾಡಿ, 1931-32ರ ಲೆಕ್ಕ ಕೊಟ್ಟವರು ವಿ.ಕೆ.ಆರ್.ವಿ. ರಾವ್. ಅವರು 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ ವಿಜಯನಗರದ ಪಕ್ಕದ ನಾಗರಬಾವಿಯಲ್ಲೇ ಇದೆ. ವಿದ್ಯಾರ್ಥಿಗಳಿಗೆ ಇದನ್ನು ಹೇಳಲೇಬೇಕು. ಈ ಶಾಸ್ತ್ರ ಎಲ್ಲೋ ದೂರದಿಂದ ಬಂದದ್ದೆಂಬ ಭಾವನೆ ಅವರಲ್ಲಿ ಉಳಿಯಬಾರದು.

ಎರಡನೇ ಹೆಜ್ಜೆ: ಸಾಬೂನಿನಲ್ಲಿ ಯುದ್ಧ, ತೆರಿಗೆ, ಬಜೆಟ್

ಮೈಸೂರು ಸ್ಯಾಂಡಲ್ ಕಥೆಯನ್ನು ವಿದೇಶಿ ವ್ಯಾಪಾರದಿಂದ ಶುರು ಮಾಡಿ. ಮೈಸೂರು ಸಂಸ್ಥಾನದ ಶ್ರೀಗಂಧ ಯುರೋಪಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ರಫ್ತು ನಿಂತಿತು, ಮರ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನ್ ವಿಶ್ವೇಶ್ವರಯ್ಯ ಅವರ ಕಾಲದಲ್ಲಿ 1916ರಲ್ಲಿ ಇಲ್ಲೇ ಎಣ್ಣೆ ತೆಗೆಯುವ ಕೆಲಸ ಆರಂಭವಾಯಿತು, ಅದರ ಬೆನ್ನಿಗೇ ಸಾಬೂನು ಬಂತು. ಕಾರ್ಖಾನೆ 1957ರಲ್ಲಿ ರಾಜಾಜಿನಗರಕ್ಕೆ ಬಂದಿತು. ಕಚ್ಚಾವಸ್ತು ರಫ್ತು ಮಾಡುವ ನಾಡಿಗೆ ಹೊರಗಿನ ಆಘಾತ ಹೇಗೆ ತಟ್ಟುತ್ತದೆ, ಮೌಲ್ಯವರ್ಧನೆ ಒಳನಾಡಿನಲ್ಲೇ ಆದರೆ ಏನು ಉಳಿಯುತ್ತದೆ ಎಂಬುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಈ ಭಾಗದಲ್ಲಿ ಇಲ್ಲ.

ಅದೇ ಸಾಬೂನು ವಿತ್ತೀಯ ನೀತಿಯನ್ನೂ ಕಲಿಸುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸಾಬೂನಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ತೆರಿಗೆ ಬಿಟ್ಟು ₹100 ಬೆಲೆಯ ಸಾಬೂನಿಗೆ ₹118 ಇದ್ದದ್ದು ₹105 ಆಯಿತು ಎಂದುಕೊಳ್ಳಿ. ಉಳಿದ ₹13ರಲ್ಲಿ ಮನೆಯವರು ಏನು ಮಾಡುತ್ತಾರೆ? ಬೇರೇನಾದರೂ ಕೊಂಡರೆ ಬೇಡಿಕೆ ಹೆಚ್ಚುತ್ತದೆ, ಕೂಡಿಟ್ಟರೆ ಉಳಿತಾಯ. ಇತ್ತ ಸರ್ಕಾರಕ್ಕೆ ಅಷ್ಟು ವರಮಾನ ಕಡಿಮೆ. ಮೈಸೂರು ಸ್ಯಾಂಡಲ್ ತಯಾರಿಸುವ ಕಂಪನಿ ರಾಜ್ಯ ಸರ್ಕಾರದ್ದಾದ್ದರಿಂದ ಅದು ಕೊಡುವ ಲಾಭಾಂಶ ಬಜೆಟ್ಟಿನಲ್ಲಿ ತೆರಿಗೆಯೇತರ ವರಮಾನವಾಗಿ ಕಾಣಿಸುತ್ತದೆ ಎಂಬುದನ್ನೂ ಸೇರಿಸಿ.

ಮೂರನೇ ಹೆಜ್ಜೆ: ಮನೆಯ ಬೆಲೆ ಸೂಚ್ಯಂಕ

ಪ್ರತಿ ವಿದ್ಯಾರ್ಥಿಯೂ ಹಾಲು, ಅಕ್ಕಿ, ತರಕಾರಿ, ಮೆಟ್ರೊ ಅಥವಾ ಬಸ್ ಪ್ರಯಾಣ, ಮೊಬೈಲ್ ರೀಚಾರ್ಜ್ ಹೀಗೆ ಎಂಟು ಹತ್ತು ಬಾಬುಗಳ ಬೆಲೆಯನ್ನು ತಿಂಗಳಿಗೊಮ್ಮೆ ಬರೆದಿಡಲಿ. ಮನೆಯ ವೆಚ್ಚದಲ್ಲಿ ಪ್ರತಿಯೊಂದರ ಪಾಲು ಎಷ್ಟು ಎಂಬುದನ್ನೂ ಸುಮಾರಾಗಿ ಬರೆಯಲಿ. ಮನೆಯ ಒಟ್ಟು ಆದಾಯ ಕೇಳಬೇಡಿ, ಶೇಕಡಾ ಪಾಲು ಸಾಕು.

ನಂದಿನಿ ಹಾಲಿನ ಪ್ಯಾಕೆಟ್ ಇಲ್ಲಿ ಒಳ್ಳೆಯ ಪರೀಕ್ಷೆ. 2024ರ ಜೂನ್‌ನಲ್ಲಿ ಪ್ಯಾಕೆಟ್ಟಿಗೆ 50 ಎಂ.ಎಲ್. ಹಾಲು ಸೇರಿಸಿ ₹2 ಹೆಚ್ಚಿಸಲಾಯಿತು. 2025ರ ಏಪ್ರಿಲ್ 1ರಿಂದ ಲೀಟರ್‌ಗೆ ₹4 ಏರಿತು, ಸೇರಿಸಿದ್ದ 50 ಎಂ.ಎಲ್. ಹಿಂದಕ್ಕೆ ಹೋಯಿತು. ಪ್ಯಾಕೆಟ್ಟಿನ ಬೆಲೆ ಬರೆಯಬೇಕೋ, ಲೀಟರಿನ ಬೆಲೆಯೋ? ಈ ಪ್ರಶ್ನೆ ಕೇಳಿದ ತರಗತಿಗೆ ಸೂಚ್ಯಂಕದ ಕಷ್ಟ ಅರ್ಥವಾಗುತ್ತದೆ.

ಆಮೇಲೆ ನಿಜವಾದ ಗೊಂದಲಕ್ಕೆ ಬನ್ನಿ. 2025ರ ಫೆಬ್ರುವರಿಯಲ್ಲಿ ನಮ್ಮ ಮೆಟ್ರೊದ ಗರಿಷ್ಠ ದರ ₹60ರಿಂದ ₹90 ಆಯಿತು. ಏಪ್ರಿಲ್‌ನಲ್ಲಿ ಹಾಲು ಏರಿತು. ಆದರೂ ಆ ವರ್ಷದ ಅಕ್ಟೋಬರ್ ತಿಂಗಳ ದೇಶದ ಚಿಲ್ಲರೆ ಹಣದುಬ್ಬರ ಶೇ 0.25 ಎಂದು ಪ್ರಕಟವಾಯಿತು. ಸರ್ಕಾರ ಸುಳ್ಳು ಹೇಳುತ್ತಿದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅವರ ಬಾಯಿ ಮುಚ್ಚಿಸದೆ ತೂಕದ ಲೆಕ್ಕ ಮಾಡಿಸಿ. ವೆಚ್ಚದಲ್ಲಿ ಮೆಟ್ರೊ ಪಾಲು ಶೇ 2 ಇದ್ದು ದರ ಶೇ 50 ಏರಿದರೆ ಸೂಚ್ಯಂಕಕ್ಕೆ 1 ಅಂಶ ಕೂಡುತ್ತದೆ. ತರಕಾರಿಯ ಪಾಲು ಶೇ 10 ಇದ್ದು ಬೆಲೆ ಶೇ 20 ಇಳಿದರೆ 2 ಅಂಶ ಕಳೆಯುತ್ತದೆ. ಆಗಿನ 2012ರ ಆಧಾರ ವರ್ಷದ ಸರಣಿಯಲ್ಲಿ ಆಹಾರ ಮತ್ತು ಪಾನೀಯಗಳ ತೂಕ ಶೇ 45.86, ಆ ತಿಂಗಳು ಆಹಾರದ ಬೆಲೆ ಹಿಂದಿನ ವರ್ಷಕ್ಕಿಂತ ಸುಮಾರು ಶೇ 5 ಕೆಳಗಿತ್ತು. ದಿನಾ ಕೆಂಗೇರಿಯಿಂದ ಮೆಟ್ರೊದಲ್ಲಿ ಬರುವ ಹುಡುಗಿಯ ಅನುಭವವೂ ನಿಜ, ದೇಶದ ಅಂಕಿಯೂ ನಿಜ.

ನಾಲ್ಕನೇ ಹೆಜ್ಜೆ: ಬಡ್ಡಿ ಇಳಿದರೆ ಯಂತ್ರ ಬರುತ್ತದೆಯೇ?

ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಘಟಕವನ್ನು ಊಹಿಸಿಕೊಳ್ಳಿ. ಸಿಎನ್‌ಸಿ ಯಂತ್ರಕ್ಕೆ ₹40 ಲಕ್ಷ ಸಾಲ ಬೇಕು. ಬಡ್ಡಿ ಶೇ 1ರಷ್ಟು ಇಳಿದರೆ ಮೊದಲ ವರ್ಷ ಉಳಿಯುವುದು ಸುಮಾರು ₹40,000. ರಿಸರ್ವ್ ಬ್ಯಾಂಕ್ 2025ರಲ್ಲಿ ರೆಪೊ ದರವನ್ನು ಶೇ 6.50ರಿಂದ ಹಂತಹಂತವಾಗಿ ಶೇ 5.25ಕ್ಕೆ ಇಳಿಸಿತು. ಹಾಗಾದರೆ ಮಾಲೀಕರು ಯಂತ್ರ ಕೊಳ್ಳುತ್ತಾರೆಯೇ? ಅಂಥ ಘಟಕದವರೊಬ್ಬರನ್ನು ತರಗತಿಗೆ ಕರೆದು ಅವರ ಬಾಯಿಂದಲೇ ಕೇಳಿಸಿ. ಅವರ ಲಾಭನಷ್ಟ ಕೆದಕದೆ, ಬಡ್ಡಿ ಮುಖ್ಯವೋ ಕೈಯಲ್ಲಿರುವ ಆರ್ಡರ್ ಮುಖ್ಯವೋ ಎಂದಷ್ಟೇ ಕೇಳಿ. ಬೇಡಿಕೆಯಿಲ್ಲದೆ ಬರೀ ಅಗ್ಗದ ಸಾಲ ಬಂಡವಾಳ ಹೂಡಿಕೆ ತರದು ಎಂಬುದನ್ನು ಯಾವ ರೇಖಾಚಿತ್ರಕ್ಕಿಂತಲೂ ಅವರ ಉತ್ತರ ಚೆನ್ನಾಗಿ ತಿಳಿಸುತ್ತದೆ.

ಕೊನೆಯ ಹೆಜ್ಜೆ: ಎಲ್ಲರೂ ಹೀಗೇ ಮಾಡಿದರೆ?

ಒಬ್ಬ ಅಂಗಡಿಯವರು ಕಷ್ಟಕಾಲದಲ್ಲಿ ಖರ್ಚು ತಗ್ಗಿಸಿ, ಇಬ್ಬರು ಕೆಲಸದವರನ್ನು ಬಿಡಿಸಿದರೆ ಅವರ ಅಂಗಡಿ ಉಳಿಯಬಹುದು. ವಿಜಯನಗರದ ಎಲ್ಲ ಅಂಗಡಿಯವರೂ ಅದನ್ನೇ ಮಾಡಿದರೆ ಕೆಲಸ ಕಳೆದುಕೊಂಡವರು ಕೊಳ್ಳುವುದನ್ನು ನಿಲ್ಲಿಸುತ್ತಾರೆ, ಎಲ್ಲ ಅಂಗಡಿಗಳ ವ್ಯಾಪಾರವೂ ಕುಸಿಯುತ್ತದೆ. ಒಬ್ಬರಿಗೆ ಜಾಣತನವಾದದ್ದು ಎಲ್ಲರಿಗೂ ನಷ್ಟವಾಗುವ ಈ ತಿರುವು ಗೊತ್ತಾಗದೆ ಕೇನ್ಸ್ ಅರ್ಥವಾಗುವುದಿಲ್ಲ. 2020ರ ಏಪ್ರಿಲ್-ಜೂನ್ ತ್ರೈಮಾಸಿಕವನ್ನು ಜೊತೆಗಿಡಿ. ಲಾಕ್‌ಡೌನ್‌ನಿಂದಾಗಿ ಆಗ ದೇಶದ ಜಿಡಿಪಿ ಮೊದಲ ಅಂದಾಜಿನಂತೆ ಶೇ 23.9 ಕುಗ್ಗಿತ್ತು. ಆ ದಿನಗಳಲ್ಲಿ ತಮ್ಮ ಬೀದಿಯ ಅಂಗಡಿಗಳು ಏನಾದವು ಎಂದು ಮನೆಯ ಹಿರಿಯರನ್ನು ಕೇಳಿ ಬರಲಿ.

ಸಾಧ್ಯವಾದರೆ ಒಂದು ಮಧ್ಯಾಹ್ನ ಡಾ. ರಾಜ್‌ಕುಮಾರ್ ರಸ್ತೆಯ ಒರಾಯನ್ ಮಾಲ್‌ಗೆ ಕರೆದೊಯ್ಯಿರಿ. ಅದು ಕಿರ್ಲೋಸ್ಕರ್ ಕಾರ್ಖಾನೆ ಇದ್ದ ಜಾಗ. ಜಮೀನು ಮಾರಿದ ಹಣ ಜಿಡಿಪಿಯಲ್ಲ, ಕಟ್ಟಡ ಕಟ್ಟಿದ್ದು ಜಿಡಿಪಿ, ಈಗಿನ ಅಂಗಡಿಗಳ ಸೇವೆ ಜಿಡಿಪಿ. ತಯಾರಿಕೆಯಿಂದ ಸೇವಾ ವಲಯಕ್ಕೆ ಆದ ಬದಲಾವಣೆಯಲ್ಲಿ ಯಾವ ಬಗೆಯ ಕೆಲಸ ಹೋಯಿತು, ಯಾವುದು ಬಂತು ಎಂದು ಪಟ್ಟಿ ಮಾಡಿಸಿ. ಬಟ್ಟೆ ಗಿರಣಿ ಇದ್ದ ಬಿನ್ನಿಪೇಟೆಯಲ್ಲೂ ಇದೇ ಪ್ರಶ್ನೆ ಕೇಳಬಹುದು.

ಅಂಕ ಕೊಡುವಾಗ ಒಂದು ಪುಟದ ವರದಿ ಸಾಕು: ಒಂದು ವ್ಯಾಪಾರ, ಅದರ ಒಂದು ಖರ್ಚು ಯಾರ ಆದಾಯವಾಯಿತು, ಅದಕ್ಕೆ ಹೊಂದುವ ಒಂದು ಅಧಿಕೃತ ಅಂಕಿ. ರಾಜ್ಯ ಬಜೆಟ್ ವೇಳೆಗೆ ಬರುವ ಆರ್ಥಿಕ ಸಮೀಕ್ಷೆಯಲ್ಲಿ ಅಂಥ ಅಂಕಿಗಳು ಬೇಕಾದಷ್ಟಿವೆ. ಅಂಕಿಯಿಲ್ಲದ ವರದಿಗೆ ಪೂರ್ತಿ ಅಂಕ ಬೇಡ.

ಪ್ರಾಂಶುಪಾಲರಲ್ಲಿ ಒಂದು ಮನವಿ. ವಿಜ್ಞಾನದವರಿಗೆ ಪ್ರಯೋಗಾಲಯದ ಅವಧಿ ಇದೆ, ಅರ್ಥಶಾಸ್ತ್ರಕ್ಕಿಲ್ಲ. ತಿಂಗಳಿಗೆ ಒಂದು ಮಧ್ಯಾಹ್ನವನ್ನು ವೇಳಾಪಟ್ಟಿಯಲ್ಲೇ ಈ ಕೆಲಸಕ್ಕೆ ಬಿಟ್ಟುಕೊಡಿ.