ಶ್ರುತಿ ಕೆಡಿಸಿದ್ದು ಆರ್ಮ್ ಅಲ್ಲ, ನಟ್

ಬ್ರಿಡ್ಜ್ ಅಲ್ಲಾಡಿಸಿ ಸ್ವರ ಏರಿಳಿಸುವ ಆರ್ಮ್ ಇರುವ ಸ್ಟ್ರಾಟ್ ಮಾದರಿಯ ಗಿಟಾರ್ ಹಿಡಿದವರಿಗೆ ನಮ್ಮ ಆರ್ಕೆಸ್ಟ್ರಾದವರು ಕೊಡುವ ಉಪದೇಶ ಒಂದೇ: "ಆ ಆರ್ಮ್ ಬಿಚ್ಚಿ ಬ್ಯಾಗಿಗೆ ಹಾಕು, ಶ್ರುತಿ ತಾನಾಗಿ ನಿಲ್ಲುತ್ತೆ." ನಾನು ಬಿಚ್ಚಲಿಲ್ಲ. ಅದಕ್ಕೆ ಬೈಸಿಕೊಂಡೆ, ಒಂದು ರಾತ್ರಿಯ ಸಂಭಾವನೆಯನ್ನೂ ಕಳೆದುಕೊಂಡೆ. ಈಗ ಅದೇ ಗಿಟಾರಿನಲ್ಲಿ, ಅದೇ ಆರ್ಮ್ ಹಾಕಿಕೊಂಡು ಇಡೀ ಕಾರ್ಯಕ್ರಮ ನುಡಿಸುತ್ತೇನೆ. 1954ರಲ್ಲಿ ಲಿಯೋ ಫೆಂಡರ್ ಈ ಟ್ರೆಮೊಲೊ ಇಟ್ಟ ಗಿಟಾರ್ ಹೊರತಂದಿದ್ದು ಅದನ್ನು ಬಿಚ್ಚಿ ಬ್ಯಾಗಿಗೆ ಹಾಕಲೆಂದಲ್ಲ. ಗಿಟಾರಿಸ್ಟ್ ಜೆಫ್ ಬೆಕ್ ಅದರ ಮೇಲೆ ಕೈಯಿಟ್ಟೇ ನುಡಿಸುತ್ತಿದ್ದ.

ನನ್ನ ಗಿಟಾರ್ ಪೂರ್ತಿ ಕೆಟ್ಟಿದ್ದು ರಿಪೇರಿಗೆ ಹೋಗಿ ಬಂದ ಮೇಲೆ. ಅಂಗಡಿಯ ಹೆಸರು ಬೇಡ. ಅದಕ್ಕೆ ಮೊದಲು, ಆರ್ಮ್ ಒತ್ತಿ ಬಿಟ್ಟಾಗ ಮೂರನೇ ತಂತಿಯ ಶ್ರುತಿ ಸ್ವಲ್ಪ ಮೇಲೆ ನಿಲ್ಲುತ್ತಿತ್ತು, ಅಷ್ಟೇ ದೂರು. ರಿಪೇರಿಯವನು ಗಿಟಾರಿನ ತಲೆಯ ಕಡೆ ಒಮ್ಮೆ ನೋಡಿ, "ಕೀ ಹಲ್ಲು ಸವೆದಿದೆ ಸಾರ್, ಪೂರ್ತಿ ಸೆಟ್ ಬದಲಾಯಿಸಬೇಕು" ಎಂದ. "ನಟ್ ಹತ್ತಿರ ಟಿಕ್ ಅಂತ ಸದ್ದು ಬರುತ್ತಲ್ಲಪ್ಪ, ಅದನ್ನು ನೋಡು" ಎಂದೆ. ನಟ್ ಎಂದರೆ ಕೀಗಳಿಗೂ ಫ್ರೆಟ್‌ಗಳಿಗೂ ನಡುವೆ ತಂತಿಗಳು ಕೂರುವ ಸೀಳುಗಳಿರುವ ಪಟ್ಟಿ. ಅವನು ನಕ್ಕ. ಹೊಸ ಕೀ ಹಾಕಿದ. ದಪ್ಪ ತಂತಿ ಶ್ರುತಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ ಎಂದು 9 ಗೇಜ್‌ನ ಸೆಟ್ ತೆಗೆದು 10ರದ್ದು ಹಾಕಿದ. ಬ್ರಿಡ್ಜ್ ಅಲ್ಲಾಡಬಾರದೆಂದು ಮುಂದಿನ ಆರೂ ಸ್ಕ್ರೂ ಬಿಗಿದ. 9ರ ಸೆಟ್‌ನ ಒಟ್ಟು ಎಳೆತ ಸುಮಾರು 38 ಕೆ.ಜಿ.; 10ರದ್ದು ಸುಮಾರು 47. ಅಷ್ಟು ಎಳೆತಕ್ಕೆ ಬ್ರಿಡ್ಜಿನ ಹಿಂಬದಿ ಮೇಲೆದ್ದು ನಿಂತಿತ್ತು. 9ರ ತಂತಿಗೆ ಕೊರೆದ ನಟ್‌ನ ಸೀಳಿನಲ್ಲಿ 10ರ ತಂತಿ ಸಿಕ್ಕಿಕೊಂಡಿತ್ತು. ಬಿಲ್ ಮಾತ್ರ ಅಚ್ಚುಕಟ್ಟಾಗಿತ್ತು.

ಮರುವಾರವೇ ಮಂಡ್ಯ ಕಡೆ ಗಣೇಶೋತ್ಸವದ ರಸಮಂಜರಿ. ಮೊದಲೆರಡು ಹಾಡು ಹೇಗೋ ಸಾಗಿದವು. ಮೂರನೆಯದರ ಬಿಜಿಎಂನಲ್ಲಿ ಗಿಟಾರ್ ಒಂಟಿಯಾಗಿ ಬರುತ್ತದೆ. ಕೊನೆಯ ಸ್ವರವನ್ನು ಆರ್ಮ್ ಒತ್ತಿ ಇಳಿಸಿ ಬಿಡಬೇಕು. ಒತ್ತಿದೆ, ಬಿಟ್ಟೆ. ಮೂರನೇ ತಂತಿ ಏರಿ ನಿಂತಿತು. ಪಕ್ಕದಲ್ಲಿ ಕೀಬೋರ್ಡ್, ಅದರ ಶ್ರುತಿ ಕದಲುವುದಿಲ್ಲ, ನನ್ನದು ಕದಲಿದ್ದು ಊರಿಗೇ ಗೊತ್ತಾಗುತ್ತದೆ. ಗಾಯಕಿ ಚರಣ ಎತ್ತಿಕೊಳ್ಳುತ್ತ ನನ್ನತ್ತ ತಿರುಗಿ ನೋಡಿದರು. ಕೀ ಸಡಿಲಿಸಿದೆ; ಏನೂ ಆಗಲಿಲ್ಲ. ಇನ್ನಷ್ಟು ಸಡಿಲಿಸಿದೆ, ಟಿಣ್ ಎಂದು ಒಮ್ಮೆಲೇ ಕಾಲು ಸ್ವರ ಕೆಳಗೆ ಬಿತ್ತು. ಮತ್ತೆ ಬಿಗಿದೆ, ಅಲ್ಲಾಡಲಿಲ್ಲ. ಇನ್ನೂ ಬಿಗಿದೆ. ತಂತಿ ನಟ್‌ನ ಅಂಚಿನಲ್ಲೇ ಕತ್ತರಿಸಿ ಹೋಯಿತು.

ಒಂದು ತಂತಿ ಹೋದರೆ ಐದರಲ್ಲಿ ನುಡಿಸಬಹುದು ಎಂದುಕೊಳ್ಳುವವರು ತೇಲುವ ಬ್ರಿಡ್ಜ್ ಕಂಡಿಲ್ಲ. ಅಲ್ಲಿ ಮುಂದಿನಿಂದ ತಂತಿಗಳೂ ಹಿಂದಿನಿಂದ ಸ್ಪ್ರಿಂಗ್‌ಗಳೂ ಹಗ್ಗಜಗ್ಗಾಟಕ್ಕೆ ನಿಂತಿರುತ್ತವೆ. ಮುಂದಿನವರಲ್ಲಿ ಒಬ್ಬ ಕೈಬಿಟ್ಟರೆ ಹಿಂದಿನವರು ಎಳೆದೇಬಿಡುತ್ತಾರೆ. ಉಳಿದ ಐದೂ ತಂತಿಗಳು ಒಟ್ಟಿಗೆ ಮೇಲೇರಿದವು. ಯಾವ ಕಾರ್ಡ್ ಹಿಡಿದರೂ ಅಪಸ್ವರ. ವಾಲ್ಯೂಮ್ ಸೊನ್ನೆಗೆ ಇಳಿಸಿ, ನುಡಿಸುವವನಂತೆ ಕೈಯಾಡಿಸುತ್ತ ನಿಂತೆ. ಹಾಡು ಮುಗಿದಾಗ ನಿರೂಪಕ ಮೈಕಿನಲ್ಲಿ, "ಗಿಟಾರ್‌ನವರಿಗೆ ನಿದ್ದೆ ಬಂದಿರಬೇಕು, ಒಂದು ಟೀ ಕೊಡಿ" ಎಂದ. ಜನ ನಕ್ಕರು. ತಂಡದ ಮಾಲೀಕರು ವೇದಿಕೆಯ ಹಿಂದೆ, "ನಿನಗೆ ಆ ಕಡ್ಡಿ ಮುಟ್ಟಬೇಡ ಅಂತ ಎಷ್ಟು ಸಲ ಹೇಳಬೇಕಪ್ಪ?" ಎಂದು ಎಲ್ಲರೆದುರು ಕೇಳಿದರು. ದುಡ್ಡು ಕೊಡಲಿಲ್ಲ. ತುಂಡಾದ ತಂತಿ ತೋರಿಸಿ, ಎಲ್ಲಿ ಕಡಿದಿದೆ ನೋಡಿ ಎಂದೆ. ಯಾರೂ ನೋಡಲಿಲ್ಲ.

ಸಾಕ್ಷಿ ಇದ್ದದ್ದು ಅಲ್ಲೇ. ಆರ್ಮ್ ಒತ್ತಿದಾಗ ತಂತಿ ಸಡಿಲವಾಗಿ ಸ್ವಲ್ಪ ಭಾಗ ನಟ್ ದಾಟಿ ಕೀ ಕಡೆ ಸರಿಯುತ್ತದೆ. ಬಿಟ್ಟಾಗ ಅಷ್ಟೂ ವಾಪಸ್ ಬರಬೇಕು. ನಟ್ ಹಿಡಿದುಕೊಂಡರೆ ಬರುವುದಿಲ್ಲ, ಸ್ವರ ಏರಿಯೇ ಉಳಿಯುತ್ತದೆ. ತಂತಿ ಬೆಂಡ್ ಮಾಡಿದ ಮೇಲೆ ಇಳಿದು ನಿಂತರೂ ಕಾರಣ ಇದೇ ಆಗಿರಬಹುದು. ಫ್ಲಾಯ್ಡ್ ರೋಸ್ ಎಂಬಾತ ತಂತಿಯನ್ನು ನಟ್‌ನಲ್ಲೇ ಬಿಗಿದು ಹಿಡಿಯುವ ವ್ಯವಸ್ಥೆ ಮಾಡಿದ್ದು ಈ ಕಾಟ ತಪ್ಪಿಸಲೆಂದೇ. ಅದನ್ನು ಕೂರಿಸಲು ಸಾಮಾನ್ಯವಾಗಿ ಮರ ಕೊರೆಯಬೇಕು. ನಮಗೆ ಅಷ್ಟು ಬೇಕಿಲ್ಲ.

ನಾನು ಮನೆಯಲ್ಲೇ ಮಾಡಿಕೊಂಡದ್ದು ಇಷ್ಟು. ಸಣ್ಣ ಹಳೇ ತಂತಿಗೆ ನುಣುಪಾದ ಉಪ್ಪುಕಾಗದ ಸುತ್ತಿ ನಟ್‌ನ ಸೀಳಿನ ಪಕ್ಕಗಳನ್ನು ಮಾತ್ರ ಉಜ್ಜಿದೆ. ತಳ ಮುಟ್ಟಬಾರದು, ಆಳವಾದರೆ ತಂತಿ ಫ್ರೆಟ್‌ಗೆ ಬಡಿಯುತ್ತದೆ. ಆಮೇಲೆ ಮೆತ್ತನೆಯ ಪೆನ್ಸಿಲ್ ಸೀಸದ ಪುಡಿ ತುಂಬಿದೆ. ತಲೆಯ ಮೇಲೆ ತಂತಿಯನ್ನು ಅಮುಕುವ ಕೊಂಡಿಗೂ ಅದನ್ನೇ ಸವರಿದೆ. ತಂತಿ ಪೂರ್ತಿ ಸಡಿಲಿಸಿ ಆರು ಸ್ಕ್ರೂಗಳಲ್ಲಿ ಹೊರಗಿನೆರಡನ್ನು ಪ್ಲೇಟಿಗೆ ಸೋಕುವಷ್ಟು ಮಾತ್ರ ಇಟ್ಟು, ನಡುವಿನ ನಾಲ್ಕನ್ನು ಕೊಂಚ ಮೇಲೆತ್ತಿದೆ. ಬಿಗಿದ ಪ್ಲೇಟ್ ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತದೆ. ಹೊಸ ತಂತಿಯನ್ನು ಕೀಗೆ ಎರಡು ಮೂರು ಸುತ್ತಷ್ಟೇ ಸುತ್ತಿ, ಕೈಯಿಂದ ಚೆನ್ನಾಗಿ ಎಳೆದೆ.

ಕೊನೆಗೆ ಹಿಂಬದಿಯ ಮುಚ್ಚಳ ತೆಗೆದು, ಸ್ಪ್ರಿಂಗ್ ಹಿಡಿದ ಪಟ್ಟಿಯ ಎರಡು ಸ್ಕ್ರೂ ಹೊಂದಿಸಿದೆ. ಫೆಂಡರ್‌ನ ರೂಢಿಯಲ್ಲಿ ಬ್ರಿಡ್ಜ್ ಹಿಂಬದಿ ಸುಮಾರು 3 ಮಿ.ಮೀ. ಎದ್ದಿರಬೇಕು. ವೇದಿಕೆಗೆ ಹೋಗುವ ನಾನು ಬ್ರಿಡ್ಜ್ ಮರಕ್ಕೆ ಕೂರುವಷ್ಟು ಬಿಗಿದಿದ್ದೇನೆ. ಸ್ವರವನ್ನು ಇಳಿಸಬಹುದು, ಏರಿಸಲಾಗದು. ಆದರೆ ಒಂದು ತಂತಿ ಹೋದರೆ ಉಳಿದವು ಜಾಗ ಬಿಡುವುದಿಲ್ಲ. ಗಿಟಾರಿಸ್ಟ್ ಎರಿಕ್ ಕ್ಲಾಪ್ಟನ್ ಮರದ ತುಂಡು ಇಟ್ಟು ಬ್ರಿಡ್ಜನ್ನು ಪೂರ್ತಿ ನಿಲ್ಲಿಸಿಬಿಟ್ಟ. ಅದು ಅವನ ಇಷ್ಟ.

ಒಂದೊಂದೇ ಬದಲಾವಣೆ ಮಾಡಿ, ಪ್ರತಿ ಸಲವೂ ಶ್ರುತಿ ಮಾಡಿ ನೋಡಿ. ನಾನು ಹಳೇ ಕೀಗಳನ್ನೇ ಮತ್ತೆ ಹಾಕಿಯೂ ಪರೀಕ್ಷಿಸಿದೆ. ಅವುಗಳಲ್ಲಿ ದೋಷವೇನೂ ಇರಲಿಲ್ಲ. ಆದ್ದರಿಂದ ಯಾರಾದರೂ ಮೊದಲ ಮಾತಿಗೇ ಕೀ ಬದಲಾಯಿಸಿ ಎಂದರೆ, ನಟ್ ನೋಡಿದಿರಾ ಎಂದು ಕೇಳಿ. ನೋಡದೆ ಉತ್ತರ ಕೊಡುವವರ ಕೈಗೆ ಗಿಟಾರ್ ಕೊಡಬೇಡಿ.